ಹನಿ ಹನಿ ಕೂಡಿದ ಬೆಳಕು

ಯುವ ಮಿತ್ರರೇ, ನಿಮ್ಮ ಕಟ್ಟಡದ ಟೆರೇಸಿನ ಮೇಲೆ ನಿಂತು ಎಂದಾದರೂ ನಕ್ಷತ್ರಗಳನ್ನು ಎಣಿಸಿದ್ದೀರಾ? ನಮ್ಮ ಮುಂಬಯಿಯಲ್ಲಾದರೆ ಎಣಿಕೆ ಬಹಳ ಬೇಗ ಮುಗಿದುಹೋಗುತ್ತದೆ. ಬೀದಿದೀಪ, ಜಾಹೀರಾತು ಫಲಕ, ಬಹುಮಹಡಿ ಕಟ್ಟಡಗಳ ಫೋಕಸ್ ಲೈಟು ಎಲ್ಲವೂ ಸೇರಿ ಆಕಾಶಕ್ಕೆ ಬೂದಿ ಬಳಿದಂತಾಗಿದೆ. ಊರಿನಲ್ಲಿ ಬೆಳೆದ ನಿಮ್ಮ ಅಜ್ಜ ಅಜ್ಜಿಯರಿಗೆ ಆಕಾಶಗಂಗೆ ಮನೆಯ ಅಂಗಳದಿಂದಲೇ ಕಾಣುತ್ತಿತ್ತು. ಇಲ್ಲಿ ಹುಟ್ಟಿದ ನಿಮ್ಮಲ್ಲಿ ಅನೇಕರು ಅದನ್ನು ಚಿತ್ರಗಳಲ್ಲಿ ಮಾತ್ರ ಕಂಡವರು. ಈ ನಷ್ಟವನ್ನು ಸ್ವಲ್ಪಮಟ್ಟಿಗಾದರೂ ತುಂಬಿಕೊಡುವ ಪುಟ್ಟ ಯಂತ್ರವೊಂದರ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಕ್ಯಾಮೆರಾವನ್ನು ಒಳಗೇ ಅಡಗಿಸಿಕೊಂಡ ಚಿಕ್ಕ ಟೆಲಿಸ್ಕೋಪುಗಳು ಈಚಿನ ವರ್ಷಗಳಲ್ಲಿ ಬಂದಿವೆ. 2023ರಲ್ಲಿ ಬಂದ ಸೀಸ್ಟಾರ್ ಎಸ್ 50 ಅವುಗಳಲ್ಲೊಂದು. ಅದರ ಮಸೂರದ ಅಗಲ 50 ಮಿಲಿಮೀಟರ್, ತೂಕ ಸುಮಾರು ಎರಡೂವರೆ ಕಿಲೋ. ಹೆಗಲ ಚೀಲದಲ್ಲಿ ಹಾಕಿಕೊಂಡು ಲೋಕಲ್ ಟ್ರೇನಿನಲ್ಲೂ ಹೋಗಬಹುದು! ಇದಕ್ಕೆ ಕಣ್ಣಿಟ್ಟು ನೋಡುವ ಕೊಳವೆಯೇ ಇಲ್ಲ. ಆಕಾಶ ಕಾಣುವುದು ಮೊಬೈಲಿನ ಪರದೆಯಲ್ಲಿ. ತನ್ನೆದುರಿನ ನಕ್ಷತ್ರಗಳ ವಿನ್ಯಾಸವನ್ನು ತನ್ನಲ್ಲಿರುವ ನಕ್ಷೆಯೊಡನೆ ಹೋಲಿಸಿ, ತಾನು ಯಾವ ದಿಕ್ಕಿಗೆ ಮುಖಮಾಡಿದ್ದೇನೆಂದು ಅದೇ ಕಂಡುಕೊಳ್ಳುತ್ತದೆ. ಭೂಮಿ ತಿರುಗಿದಂತೆ ತಾನೂ ಮೆಲ್ಲಗೆ ತಿರುಗುತ್ತದೆ.

ಇದರ ಗುಟ್ಟು ನಮ್ಮ ಹಳೆಯ ಗಾದೆಯಲ್ಲೇ ಇದೆ: ಹನಿ ಹನಿ ಕೂಡಿದರೆ ಹಳ್ಳ. ನಮ್ಮ ಕಣ್ಣು ಬೆಳಕನ್ನು ಕೂಡಿಡಲಾರದು. ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ ಬಂದಷ್ಟನ್ನು ಕಂಡು ಮುಂದೆ ಹೋಗುತ್ತದೆ. ಕ್ಯಾಮೆರಾ ಹಾಗಲ್ಲ. ಹತ್ತು ಹತ್ತು ಸೆಕೆಂಡಿನ ಚಿತ್ರ ತೆಗೆದು, ಒಂದರ ಮೇಲೊಂದು ಸರಿಯಾಗಿ ಕೂರಿಸುತ್ತಾ ಹೋಗುತ್ತದೆ. ಹತ್ತು ನಿಮಿಷಕ್ಕೆ 60 ಚಿತ್ರ. ಒಂದೊಂದು ಚಿತ್ರದಲ್ಲೂ ಗರಗರ ಚುಕ್ಕೆಗಳು ಇರುತ್ತವೆ, ಆದರೆ ಅವು ಪ್ರತಿ ಸಲವೂ ಬೇರೆ ಬೇರೆ ಕಡೆ ಬೀಳುವುದರಿಂದ ಸರಾಸರಿಯಲ್ಲಿ ಅಳಿಸಿಹೋಗುತ್ತವೆ. ನಿಜವಾದ ನಕ್ಷತ್ರ ಮಾತ್ರ ತನ್ನ ಜಾಗದಲ್ಲೇ ಉಳಿಯುತ್ತದೆ. ನೂರು ಚಿತ್ರ ಸೇರಿದರೆ ಸ್ಪಷ್ಟತೆ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ.

ಕಳೆದ ಜನವರಿಯಲ್ಲಿ ನನ್ನ ತಂಗಿಯ ಮಗ ಇಂಥದೊಂದನ್ನು ನಮ್ಮ ಟೆರೇಸಿಗೆ ತಂದಿದ್ದ. ಎಂಬತ್ತು ದಾಟಿದ ನಮ್ಮ ಅತ್ತೆಯವರು ಕುರ್ಚಿಯ ಮೇಲೆ ಕುಳಿತು ಪರದೆ ನೋಡುತ್ತಿದ್ದರು. ಮಂಜಿನಂಥ ಕಲೆಯೊಂದು ನಿಧಾನವಾಗಿ ರೆಕ್ಕೆ ಬಿಚ್ಚಿದ ಹಾಗೆ ಕೆಂಪಗೆ ಅರಳಿತು. "ಏನು ಮಗೂ, ಇದು ನಿಜವಾಗಿ ಮೇಲಿರೋದೋ, ನೀನು ಹಾಕಿರೋ ಚಿತ್ರವೋ?" ಎಂದು ಕೇಳಿದರು. "ಈಗಲೇ ಬರ್ತಿರೋ ಬೆಳಕು ಅಜ್ಜಿ, ಮಹಾವ್ಯಾಧ ಅಂತ ನಕ್ಷತ್ರಪುಂಜ" ಎಂದ ಹುಡುಗ. "ಹಾಗಾದರೆ ಆರಿದ್ರಾ ಎಲ್ಲಿ?" ಎಂದರು ಅತ್ತೆ. ಹುಡುಗನಿಗೆ ಉತ್ತರ ತಿಳಿಯಲಿಲ್ಲ.

ಅವನಿಗೆ ಯಂತ್ರ ಗೊತ್ತು, ಅವರಿಗೆ ಹೆಸರು ಗೊತ್ತು. ನಮ್ಮ ರೈತರು ಮಳೆಯನ್ನು ಕರೆಯುವುದೇ ನಕ್ಷತ್ರದ ಹೆಸರಿನಿಂದ: ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ. ಈ ಆರಿದ್ರಾ ಎಂದರೆ ಮಹಾವ್ಯಾಧನ ಭುಜದ ಕೆಂಪು ನಕ್ಷತ್ರ, ಇಂಗ್ಲಿಷಿನ ಬೆಟೆಲ್ಜ್ಯೂಸ್. ಅವನ ಸೊಂಟಪಟ್ಟಿಯ ಕೆಳಗಿದೆ ನಾವು ಕಂಡ ನೀಹಾರಿಕೆ. ಅಲ್ಲಿಂದ ಬೆಳಕು ಹೊರಟು ಸುಮಾರು 1,300 ವರ್ಷಗಳಾದವು; ಆಗ ಬಾದಾಮಿಯಲ್ಲಿ ಚಾಲುಕ್ಯರ ಆಳ್ವಿಕೆ!

ಕಾಲಕ್ಕೆ ತಕ್ಕಂತೆ ನೋಟಗಳು ಬದಲಾಗುತ್ತವೆ. ನವೆಂಬರಿನಲ್ಲಿ ದೇವಯಾನಿ ಗೆಲಾಕ್ಸಿ, ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಚಳಿಗಾಲದಲ್ಲಿ ಕೃತ್ತಿಕೆ, ಕಾರ್ತಿಕ ಮಾಸಕ್ಕೆ ಹೆಸರು ಬಂದದ್ದು ಅದರಿಂದಲೇ. ಮೇ ತಿಂಗಳಲ್ಲಿ ದಕ್ಷಿಣ ದಿಗಂತದ ಮೇಲೆ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ, ಲಕ್ಷಾಂತರ ನಕ್ಷತ್ರಗಳ ದಟ್ಟ ಗುಂಪು. ಲಂಡನ್ನಿನವರಿಗೆ ಅದು ಕಾಣುವುದೇ ಇಲ್ಲ. ಮಳೆಗಾಲದಲ್ಲಿ ಮಾತ್ರ ನಮಗೂ ರಜೆ.

ಇದೇನೂ ಮಕ್ಕಳಾಟಿಕೆಯಲ್ಲ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಮ್ಮ ವಿಜ್ಞಾನಿಗಳು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಅಲ್ಲಿಯೂ ನೋಡುವುದು ಕ್ಯಾಮೆರಾ, ಮನುಷ್ಯನ ಕಣ್ಣಲ್ಲ.

ಕೆಲವು ಎಚ್ಚರಿಕೆಯ ಮಾತುಗಳು. ತಕ್ಕ ಸೌರ ಫಿಲ್ಟರ್ ಇಲ್ಲದೆ ಯಂತ್ರವನ್ನು ಎಂದೂ ಸೂರ್ಯನತ್ತ ತಿರುಗಿಸಬೇಡಿ. ಹುಣ್ಣಿಮೆಯ ಆಸುಪಾಸಿನ ರಾತ್ರಿಗಳನ್ನು ಬಿಡಿ. ನೀಹಾರಿಕೆಗಳು ಕೆಲವೇ ಬಣ್ಣಗಳಲ್ಲಿ ಹೊಳೆಯುವುದರಿಂದ ಫಿಲ್ಟರ್ ಹಾಕಿ ಊರಬೆಳಕನ್ನು ಬಹುಮಟ್ಟಿಗೆ ಸೋಸಬಹುದು. ಗೆಲಾಕ್ಸಿಗಳ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುವುದರಿಂದ ಅವಕ್ಕೆ ಕತ್ತಲೆಯೇ ಬೇಕು. ಆ ಕತ್ತಲೆಯನ್ನು ಯಾವ ಯಂತ್ರವೂ ತಯಾರಿಸಿಕೊಡಲಾರದು. 2022ರಲ್ಲಿ ಹಾನ್ಲೆಯ ಸುತ್ತಲಿನ ಕತ್ತಲನ್ನು ರಕ್ಷಿತ ಪ್ರದೇಶವೆಂದು ಘೋಷಿಸಿದ್ದು ಅದಕ್ಕಾಗಿಯೇ. ನಾವು ಅಷ್ಟು ಮಾಡಲಾರೆವು. ಆದರೆ ಸೊಸೈಟಿಯ ಸಭೆಯಲ್ಲಿ ಎದ್ದುನಿಂತು, ಟೆರೇಸಿನ ಫೋಕಸ್ ಲೈಟನ್ನು ಆಕಾಶದ ಬದಲು ನೆಲಕ್ಕೆ ತಿರುಗಿಸಿರೆಂದು ಕೇಳಬಹುದಲ್ಲವೇ?

ಇದರ ಬೆಲೆ ದುಬಾರಿ ಮೊಬೈಲೊಂದರ ಬೆಲೆಯ ಆಸುಪಾಸಿನಲ್ಲಿದೆ. ಪ್ರತಿ ಮನೆಗೂ ಬೇಕಿಲ್ಲ, ನಾಲ್ಕಾರು ಜನ ಗೆಳೆಯರು ಸೇರಿ ಒಂದನ್ನು ಕೊಂಡರೆ ಸಾಕು. ಮಂಡಿನೋವಿನವರು, ಕಣ್ಣಿನ ಪೊರೆಯವರು ಕೊಳವೆಗೆ ಬಗ್ಗಿ ನೋಡಲಾರರು. ಪರದೆಯನ್ನಾದರೆ ಕುಳಿತಲ್ಲಿಂದಲೇ ನೋಡುತ್ತಾರೆ. ಅವರನ್ನು ಕರೆದು ಕೂರಿಸಿ. ಯಂತ್ರ ಬೆಳಕು ಕೂಡಿಹಾಕುವ ಆ ಹತ್ತು ನಿಮಿಷದಲ್ಲಿ ಅವರಿಗೆ ಗೊತ್ತಿರುವ ನಕ್ಷತ್ರಗಳ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ನೀಹಾರಿಕೆ ಮುಂದಿನ ಚಳಿಗಾಲಕ್ಕೂ ಅಲ್ಲೇ ಇರುತ್ತದೆ. ಹೆಸರು ಹೇಳುವವರು ಇರುವಾಗಲೇ ಕೇಳಿಕೊಳ್ಳಬೇಕು.