ಮನೆಗೆ ಎಷ್ಟು ಒಲೆ ಬೇಕು?



ಚೆನ್ನೈಯಲ್ಲೇ ಹುಟ್ಟಿ ಬೆಳೆದ ನೀವು ಈಗ ಒಬ್ಬೊಬ್ಬರಾಗಿ ಸ್ವಂತ ಮನೆ ಮಾಡಿಕೊಳ್ಳುತ್ತಿದ್ದೀರಿ. ಪೆರುಂಬಾಕ್ಕಂ, ಶೋಲಿಂಗನಲ್ಲೂರು, ನಾವಲೂರು ಎಂದು ಗೃಹಪ್ರವೇಶದ ಕರೆಯೋಲೆ ಬಂದಾಗಲೆಲ್ಲ ನಮ್ಮಂಥ ಹಿರಿಯರಿಗೆ ಹಿಗ್ಗು. ಮನೆ ನೋಡಲು ಬಂದವರಿಗೆ ನೀವು ಮೊದಲು ತೋರಿಸುವುದು ಅಡುಗೆಮನೆಯನ್ನು. ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ಆಂಟಿ, ಓವನ್ ಒಂದು ಸಾಕಾ, ಎರಡು ಇರಲಾ?" ಮಾಡ್ಯುಲರ್ ಕಿಚನ್ನಿನವರು ಕೊಟ್ಟ ಚಿತ್ರದಲ್ಲಿ ಗೋಡೆಯೊಳಗೆ ಒಂದರ ಮೇಲೊಂದು ಎರಡು ಓವನ್ ಕುಳಿತಿರುತ್ತವೆ. ನೋಡಲು ಬಲು ಚೆಂದ. ಆದರೆ ಅಡುಗೆ ಮಾಡುವವರು ನೀವು, ಸಾಲದ ಕಂತು ಕಟ್ಟುವವರೂ ನೀವೇ. ಆದ್ದರಿಂದ ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಒಲೆಯ ಲೆಕ್ಕ ಅಡುಗೆಗೆ ಮಾತ್ರ ಸೇರಿದ್ದಲ್ಲ. ನೀವು ಬೀದಿಯಲ್ಲಿ 'ಅಡುಪ್ಪು' ಎನ್ನುತ್ತೀರಿ, ಮನೆಯಲ್ಲಿ 'ಒಲೆ' ಎನ್ನುತ್ತೀರಿ. ತಮಿಳಿನ ಅಡುಪ್ಪು ಮತ್ತು ನಮ್ಮ ಅಡುಗೆ, ಎರಡೂ 'ಅಡು' ಎಂಬ ಒಂದೇ ಬೇರಿನವು. ಅನ್ನಕ್ಕೆ ನೀರಿಡುವಾಗ ತಮಿಳರು ಹೇಳುವ 'ಉಲೈ' ನಮ್ಮ ಒಲೆಯ ನೆಂಟ. ಇನ್ನು ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಪಾಲಾದರೆ "ಒಲೆ ಬೇರೆ ಆಯಿತು" ಎನ್ನುತ್ತಿದ್ದರು. ಜಮೀನು ಹಂಚಿಕೆ ಆಮೇಲಿನ ಮಾತು, ಮೊದಲು ಬೇರೆಯಾಗುವುದು ಒಲೆ. ನಮ್ಮ ದೇಶದ ಜನಗಣತಿಯೂ ಇದನ್ನೇ ಹೇಳುತ್ತದೆ. ಸಾಮಾನ್ಯವಾಗಿ ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯ ಊಟ ಮಾಡುವವರನ್ನು ಅದು ಒಂದು ಕುಟುಂಬವೆಂದು ಎಣಿಸುತ್ತದೆ. ಒಂದೇ ಸೂರಿನ ಕೆಳಗೆ ಅಡುಗೆ ಬೇರೆ ಬೇರೆ ನಡೆದರೆ ಅದು ಎರಡು ಕುಟುಂಬ. ಇಂಗ್ಲೆಂಡಿನಲ್ಲಿ ಎರಡನೆಯ ಚಾರ್ಲ್ಸ್ ದೊರೆ 1662ರಲ್ಲಿ ಮನೆಯೊಳಗಿನ ಒಲೆ, ಅಗ್ಗಿಷ್ಟಿಕೆಗಳನ್ನು ಎಣಿಸಿ, ಒಂದೊಂದಕ್ಕೆ ವರ್ಷಕ್ಕೆ ಎರಡು ಷಿಲಿಂಗ್ ತೆರಿಗೆ ಹಾಕಿದ. ಅಧಿಕಾರಿಗಳು ಮನೆಯೊಳಗೆ ನುಗ್ಗಿ ಎಣಿಸುವುದು ಜನಕ್ಕೆ ಹಿಡಿಸಲಿಲ್ಲ. 1689ರಲ್ಲಿ ಅದು ರದ್ದಾಯಿತು. ಈಗ ತೆರಿಗೆ ಇಲ್ಲ, ಆದರೆ ಎಣಿಸುವ ಕೆಲಸ ನಮ್ಮ ಪಾಲಿಗೆ ಉಳಿದಿದೆ!

"ಹಿಂದಿನವರು ಒಂದೇ ಒಲೆಯಲ್ಲಿ ಎಲ್ಲ ನಿಭಾಯಿಸುತ್ತಿದ್ದರು" ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ನಮ್ಮ ಅಜ್ಜಿಯರ ಮನೆಯಲ್ಲಿ ಅನ್ನಕ್ಕೊಂದು ದೊಡ್ಡ ಒಲೆ ಇತ್ತು. ಅದರ ಉರಿಯೇ ಪಕ್ಕಕ್ಕೆ ಹರಿದು ಬೇಳೆ ಬೇಯಿಸುವ ಕೋಡೊಲೆ ಇತ್ತು. ಕಾಫಿಗೆ ಇದ್ದಲ ಒಲೆ, ಸ್ನಾನದ ಹಂಡೆಗೆ ಬಚ್ಚಲ ಒಲೆ. ಮಡಿಯ ಮನೆಗಳಲ್ಲಿ ಮಡಿಯವರಿಗೇ ಇನ್ನೊಂದು. ಎಣಿಸಿದರೆ ನಾಲ್ಕೈದು ಆಗುತ್ತದೆ. ಆದರೆ ಕೆಲಸವಿಲ್ಲದ ಒಲೆ ಒಂದೂ ಇರಲಿಲ್ಲ. ಕೋಡೊಲೆಯ ಜಾಣ್ಮೆಯನ್ನು ಗಮನಿಸಿ, ಒಂದು ಸೌದೆಯ ಬೆಂಕಿಗೆ ಎರಡು ಪಾತ್ರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಹುಟ್ಟಿದ 'ಅಸ್ತ್ರ' ಎಂಬ ವಿಭಾಗದವರು ಮುಂದೆ 'ಅಸ್ತ್ರ ಒಲೆ'ಯನ್ನು ರೂಪಿಸಿದರು. ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಹೋಗಲು ಕೊಳವೆ. ವಿಜ್ಞಾನಿಗಳು ಒಲೆಯ ಸಂಖ್ಯೆ ಹೆಚ್ಚಿಸಲಿಲ್ಲ, ಇರುವ ಬೆಂಕಿಯನ್ನು ಪೋಲಾಗದಂತೆ ದುಡಿಸಿದರು. ನೀವು ಕಲಿಯಬೇಕಾದದ್ದೂ ಅದೇ.

ಈಗ ಓವನ್ನಿಗೆ ಬರೋಣ. ಒಂದು ವಾರ ನಿಮ್ಮ ಮನೆಯಲ್ಲಿ ಮಾಡಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಸಾರು, ಹುಳಿ, ಪಲ್ಯ ಕುದಿಯುವಂಥವು. ಇಡ್ಲಿ, ಕಡುಬು ಹಬೆಯವು. ದೋಸೆ, ಅಕ್ಕಿ ರೊಟ್ಟಿ, ಒಬ್ಬಟ್ಟು ಕಾವಲಿಯವು. ಚಕ್ಕುಲಿ, ಕೋಡುಬಳೆ ಬಾಣಲೆಯವು. ನಮ್ಮ ಅಡುಗೆಯಲ್ಲಿ ಓವನ್ ಕೇಳುವುದು ಬಹಳ ಕಡಿಮೆ. ಬ್ರೆಡ್ಡು, ಬನ್ನು, ರಸ್ಕುಗಳನ್ನು ನಾವು ಅಯ್ಯಂಗಾರ್ ಬೇಕರಿಗೆ ಬಿಟ್ಟುಕೊಟ್ಟಿದ್ದೆವು. ಕೇಕು ಬೇಕೆನಿಸಿದರೆ ಕುಕ್ಕರಿನ ತಳಕ್ಕೆ ಮರಳು ಹಾಕಿ, ಗ್ಯಾಸ್ಕೆಟ್ಟೂ ವೆಯ್ಟೂ ತೆಗೆದು ಮಾಡುತ್ತಿದ್ದೆವು. ಹಾಗೆಂದು ನಿಮಗೂ ಓವನ್ ಬೇಡ ಎನ್ನುತ್ತಿಲ್ಲ. ನಿಮ್ಮ ಚೀಟಿಯಲ್ಲಿ ಪಿಜ್ಜಾ, ಬ್ರೆಡ್, ಬೇಕ್ ಮಾಡಿದ ತರಕಾರಿ ವಾರಕ್ಕೆರಡು ಸಲ ಬಂದಿದ್ದರೆ ಓವನ್ ನಿಮಗೆ ಬೇಕೇ ಬೇಕು. ತಿಂಗಳಿಗೊಮ್ಮೆ ಬಂದಿದ್ದರೆ ಒಂದು ಚಿಕ್ಕದು ಧಾರಾಳ ಸಾಕು.

ಓವನ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಯಂತ್ರಗಳಿವೆ ಎಂಬುದನ್ನೂ ನೆನಪಿಡಿ. ಓಟಿಜಿಯಲ್ಲಿ ಕಾಯ್ದ ಕಾಯಿಲ್ ಸುಡುತ್ತದೆ, ಮೇಲ್ಮೈ ಕೆಂಪಗಾಗುತ್ತದೆ. ಮೈಕ್ರೋವೇವ್ ಮುಖ್ಯವಾಗಿ ಆಹಾರದೊಳಗಿನ ನೀರನ್ನು ಕಾಯಿಸುತ್ತದೆ, ಆದ್ದರಿಂದ ಅನ್ನ ಬಿಸಿಯಾಗುತ್ತದೆ, ಬ್ರೆಡ್ಡು ಗರಿಯಾಗುವುದಿಲ್ಲ. ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬುವರು ರೇಡಾರ್ ತಂತ್ರದಿಂದ ಅಡುಗೆ ಮಾಡುವ ಈ ಉಪಾಯಕ್ಕೆ 1945ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಮೇಜಿನ ಮೇಲಿಡುವ ಮನೆಬಳಕೆಯ ಮಾದರಿ ಅಲ್ಲಿ 1967ರಲ್ಲಿ ಪೇಟೆಗೆ ಬಂತು. ಕನ್ವೆಕ್ಷನ್ ಮೈಕ್ರೋವೇವ್ ಎರಡೂ ಕೆಲಸ ಮಾಡುತ್ತದೆ. ಇಬ್ಬರು ಮೂವರ ಸಂಸಾರಕ್ಕೆ ಅದೊಂದೇ ನಡೆಯುತ್ತದೆ.

ಕರೆಂಟಿನ ಲೆಕ್ಕವನ್ನೂ ಹಾಕಿ. 2000 ವ್ಯಾಟಿನ ಓವನ್ ಬಿಡದೆ ಒಂದು ಗಂಟೆ ಉರಿದರೆ 2 ಯೂನಿಟ್. ನಮ್ಮ 230 ವೋಲ್ಟಿನಲ್ಲಿ 6 ಆಂಪಿಯರಿನ ಪ್ಲಗ್ಗು ತಾಳುವುದು 1380 ವ್ಯಾಟ್, 16 ಆಂಪಿಯರಿನದು 3680 ವ್ಯಾಟ್. ಎಂದರೆ ಅಂಥ ಎರಡು ಓವನ್‌ಗಳನ್ನು ಒಂದೇ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಎಳೆದು ನಡೆಸಿದರೆ 4000 ವ್ಯಾಟಾಗಿ ತಂತಿ ಕಾಯುತ್ತದೆ. ಒಂದೊಂದಕ್ಕೂ ಪ್ರತ್ಯೇಕ ಲೈನ್ ಬೇಕು. ಇನ್ನು ಚೆನ್ನೈಯ ಸೆಕೆ ನಿಮಗೆ ನಾನು ಹೇಳಬೇಕೆ? ಕತ್ತರಿ ಬಿಸಿಲಿನ ಮೇ ತಿಂಗಳಲ್ಲಿ 180 ಡಿಗ್ರಿಯ ಪೆಟ್ಟಿಗೆಯ ಪಕ್ಕ ಮುಕ್ಕಾಲು ಗಂಟೆ ನಿಲ್ಲುವವರು ಯಾರು ಎಂದು ಮೊದಲೇ ಮಾತಾಡಿಕೊಳ್ಳಿ. 2015ರ ಡಿಸೆಂಬರಿನ ಪ್ರವಾಹ, 2016ರ ವರ್ದಾ ಚಂಡಮಾರುತ, 2023ರ ಮಿಚಾಂಗ್ ಬಂದಾಗ ಎಷ್ಟೋ ಬಡಾವಣೆಗಳಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ. ಅಂಥ ದಿನ ಅನ್ನ ಬೇಯಿಸುವುದು ಕಡ್ಡಿ ಗೀರಿ ಹಚ್ಚುವ ಗ್ಯಾಸ್ ಒಲೆ. ಓವನ್ ಎಷ್ಟಾದರೂ ಇರಲಿ, ಅದೊಂದನ್ನು ಬಿಡಬೇಡಿ.

ಹಾಗಾದರೆ ಎರಡನೆಯ ಓವನ್ ಯಾರಿಗೆ? ನನಗೆ ಪರಿಚಯದ ಎರಡು ಮನೆಗಳ ಮಾತು ಹೇಳುತ್ತೇನೆ. ಮೊದಲನೆಯ ಮನೆಯಲ್ಲಿ ಗೋಡೆಯೊಳಗೆ ಎರಡು ಓವನ್. ಕೆಳಗಿನದರಲ್ಲಿ ಕಾವಲಿ, ಹಪ್ಪಳದ ಪೊಟ್ಟಣ. ಮೇಲಿನದರಲ್ಲಿ ಅಪ್ಪ ಎಂಟಕ್ಕೆ, ಅಮ್ಮ ಒಂಬತ್ತಕ್ಕೆ, ಮಗ ಹನ್ನೊಂದಕ್ಕೆ ತಮ್ಮ ತಮ್ಮ ತಟ್ಟೆ ಬಿಸಿ ಮಾಡಿಕೊಂಡು ಒಬ್ಬೊಬ್ಬರೇ ಉಣ್ಣುತ್ತಾರೆ. ಯಾರಿಗೂ ಯಾರ ಮೇಲೂ ಕೋಪವಿಲ್ಲ. ಆದರೂ ಆ ಮನೆಯಲ್ಲಿ ಮೂರು ಒಲೆ ಹೂಡಿದಂತೆಯೇ ನನಗೆ ಕಾಣುತ್ತದೆ.

ಎರಡನೆಯದು ಒಂದು ಚಿಕ್ಕ ಫ್ಲ್ಯಾಟು. ಮೈಸೂರಿನಲ್ಲಿ ಒಂಟಿಯಾಗಿದ್ದ ಎಂಬತ್ತು ದಾಟಿದ ಅಜ್ಜಿಯನ್ನು ಮೊಮ್ಮಗ ಕರೆತರಬೇಕೆಂದಿದ್ದ. ಮೊಮ್ಮಗನ ಹೆಂಡತಿಗೆ ಮೊಟ್ಟೆ ಹಾಕಿ ಕೇಕು ಮಾಡುವ ಹವ್ಯಾಸ. ಅಜ್ಜಿ ಮೊಟ್ಟೆ ಸೋಕಿದ ಒಲೆಯದನ್ನು ಮುಟ್ಟುವವರಲ್ಲ. "ನನಗೆ ಬಾಲ್ಕನಿಯಲ್ಲಿ ಒಂದು ಇದ್ದಲ ಒಲೆ ಕೊಡ್ರಪ್ಪ, ನನ್ನದು ನಾನು ಬೇಯಿಸಿಕೊಳ್ಳುತ್ತೇನೆ" ಎಂದರಂತೆ. ಹಾಗೆ ಮಾಡಿದ್ದರೆ ಅಜ್ಜಿ ಬಂದೂ ಬೇರೆಯಾಗಿಯೇ ಇರುತ್ತಿದ್ದರು. ಆ ಹುಡುಗಿ ಒಂದು ಸಣ್ಣ ಓಟಿಜಿಯನ್ನು ಬಟ್ಟೆ ಒಗೆಯುವ ಕಡೆಯ ಕಟ್ಟೆಯ ಮೇಲಿಟ್ಟು, ಮೊಟ್ಟೆಯ ಕೆಲಸವನ್ನೂ ಅದರ ತಟ್ಟೆಗಳನ್ನೂ ಅಲ್ಲಿಗೇ ಕಟ್ಟುಮಾಡಿದಳು. ಒಳಗಿನ ಒಲೆಗೂ ಹೊಸ ಮೈಕ್ರೋವೇವಿಗೂ ಮೊಟ್ಟೆ ಸೋಕಲಿಲ್ಲ. ಈಗ ಅಜ್ಜಿ ಅದರಲ್ಲೇ ಕಡಲೆಕಾಯಿ ಹುರಿಯುತ್ತಾರೆ, ಖಾರಾ ಬನ್ನಿಗೆ ಹಸಿಮೆಣಸಿನಕಾಯಿ ಎಷ್ಟು ಎಂದು ಹೇಳಿಕೊಡುತ್ತಾರೆ. ಸಂಪ್ರದಾಯ ಪಾಲಿಸುವ ಯಹೂದಿ ಮನೆಗಳಲ್ಲೂ ಮಾಂಸಕ್ಕೂ ಹಾಲಿನ ಪದಾರ್ಥಕ್ಕೂ ಪಾತ್ರೆ ಬೇರೆ, ಅನುಕೂಲವಿದ್ದರೆ ಓವನ್ನೂ ಬೇರೆ. ಊಟದ ಮೇಜು ಮಾತ್ರ ಒಂದೇ. ನನ್ನ ಲೆಕ್ಕದಲ್ಲಿ ಆ ಎರಡನೆಯ ಓವನ್ ಆ ಮನೆಯ ಒಲೆಯನ್ನು ಒಂದಾಗಿ ಉಳಿಸಿತು.

ಆದ್ದರಿಂದ ನನ್ನ ಸಲಹೆ ಇಷ್ಟೇ. ಈಗ ಒಂದು ಓವನ್ ಕೊಳ್ಳಿ. ಎರಡನೆಯದಕ್ಕೆ ಜಾಗವನ್ನೂ 16 ಆಂಪಿಯರಿನ ಒಂದು ಪ್ರತ್ಯೇಕ ಲೈನನ್ನೂ ಬಿಡಿಸಿಡಿ. ಟೈಲ್ಸ್ ಹಾಕಿದ ಮೇಲೆ ಗೋಡೆ ಒಡೆಯುವುದಕ್ಕಿಂತ ಈಗ ತಂತಿ ಎಳೆಸುವುದು ಅಗ್ಗ. ಒಂದು ವರ್ಷ ಅಡುಗೆ ಮಾಡಿ ನೋಡಿ. "ಇನ್ನೊಂದಿದ್ದರೆ ಮನೆಯಲ್ಲಿ ಯಾರು ಹೆಚ್ಚಾಗಿ ಜೊತೆಗೆ ಕೂತು ಉಣ್ಣುತ್ತಾರೆ?" ಎಂದು ಕೇಳಿಕೊಳ್ಳಿ. ಒಬ್ಬರ ಹೆಸರು ಬಾಯಿಗೆ ಬಂದರೆ ಧೈರ್ಯವಾಗಿ ಕೊಳ್ಳಿ. ಬರದಿದ್ದರೆ ಆ ಜಾಗದಲ್ಲಿ ಒಂದು ಒಳ್ಳೆಯ ಗ್ರೈಂಡರ್ ಇಡಿ, ದೋಸೆ ಹಿಟ್ಟಿಗಾದರೂ ಆಗುತ್ತದೆ.

ಗೃಹಪ್ರವೇಶಕ್ಕೆ ಮರೆಯದೆ ಕರೆಯಿರಿ. ಓವನ್ ಎಷ್ಟೇ ಇರಲಿ, ಅಂದು ಹಾಲು ಉಕ್ಕಿಸುವುದು ಒಂದೇ ಒಲೆಯ ಮೇಲೆ. ಮನೆಮಂದಿಯೆಲ್ಲ ಅದರ ಸುತ್ತ ನಿಂತಿರಿ.