ಹೂವಿನ ತರಗತಿಯ ಲೆಕ್ಕಾಚಾರ: ಇಕೆಬಾನಾ ಸಿದ್ಧತೆಯ ವ್ಯಾಪಾರ ಪಾಠ

ಹೂವಿನ ವ್ಯಾಪಾರಿಗೆ ದಾಸ್ತಾನು ಎಂಬುದು ಆಸ್ತಿಗಿಂತ ಹೆಚ್ಚಾಗಿ ಅಪಾಯವೇ ಸರಿ. ಮಾರಾಟವಾಗದೆ ಉಳಿದ ಸರಕು ಕೆಲವೇ ದಿನಗಳಲ್ಲಿ ಕಸವಾಗುತ್ತದೆ. ಜಪಾನಿನ ಪುಷ್ಪವಿನ್ಯಾಸ ಕಲೆಯಾದ ಇಕೆಬಾನಾದ ತರಗತಿಗಳು ಈ ಅಪಾಯವನ್ನು ತಗ್ಗಿಸುವ ಕ್ರಮವೊಂದನ್ನು ರೂಢಿಸಿಕೊಂಡಿವೆ.

ಕ್ಯೋಟೋದ ರೊಕ್ಕಾಕುಡೋ ದೇವಾಲಯಕ್ಕೆ ಸೇರಿದ ಇಕೆನೊಬೊ ಈ ಕಲೆಯ ಅತ್ಯಂತ ಹಳೆಯ ಪರಂಪರೆ. 1895ರಲ್ಲಿ ಓಹಾರಾ, 1927ರಲ್ಲಿ ಸೊಗೆತ್ಸು ಪರಂಪರೆಗಳು ಆರಂಭವಾದವು. ಶೈಲಿಗಳು ಬೇರೆಯಾದರೂ ತರಗತಿಗೆ ಮುನ್ನದ ಸಿದ್ಧತೆಯಲ್ಲಿ ಹೋಲಿಕೆಯೇ ಹೆಚ್ಚು.

ಬಂಡವಾಳ ವೆಚ್ಚ, ಚಾಲ್ತಿ ವೆಚ್ಚ

ವಿದ್ಯಾರ್ಥಿಗೆ ಮೊದಲು ಬೇಕಾದವು ಮೂರು ವಸ್ತುಗಳು: ಗಟ್ಟಿ ಕೊಂಬೆಗಳನ್ನೂ ಕತ್ತರಿಸಬಲ್ಲ ಕತ್ತರಿ, ಆಳವಿಲ್ಲದ ಅಗಲ ಪಾತ್ರೆ ಮತ್ತು 'ಕೆನ್ಜಾನ್'. ಕೆನ್ಜಾನ್ ಎಂದರೆ ಸೀಸದ ತಳದಲ್ಲಿ ಹಿತ್ತಾಳೆಯ ಮೊನಚು ಸೂಜಿಗಳನ್ನು ಸಾಲಾಗಿ ನಿಲ್ಲಿಸಿದ ಆಧಾರ. ಬಾಗಿದ ಸೂಜಿಗಳನ್ನು ನೆಟ್ಟಗೆ ಮಾಡಲು ಪ್ರತ್ಯೇಕ ಉಪಕರಣವೇ ಇದೆ. ಚೆನ್ನಾಗಿ ನೋಡಿಕೊಂಡರೆ ಇವು ಹಲವು ವರ್ಷ ಬಾಳುತ್ತವೆ. ಪ್ರತಿ ಪಾಠಕ್ಕೂ ಹೊಸದಾಗಿ ಬೇಕಾಗುವುದು ಹೂವು ಮತ್ತು ಕೊಂಬೆ ಮಾತ್ರ.

ಹೂವಂಗಡಿಯ ಕಟ್ಟು

ಪಾಠಕ್ಕೆ ಬೇಕಾದ ಕೊಂಬೆ, ಹೂವು, ಎಲೆಗಳನ್ನು ಶಿಕ್ಷಕರು ಋತುವಿಗೆ ತಕ್ಕಂತೆ ನಿರ್ಧರಿಸಿ, ವಿದ್ಯಾರ್ಥಿಗಳ ಸಂಖ್ಯೆಯೊಡನೆ ಹೂವಂಗಡಿಗೆ ಮುಂಚಿತವಾಗಿ ತಿಳಿಸುತ್ತಾರೆ. ವ್ಯಾಪಾರಿಯು ತಲೆಗೊಂದರಂತೆ ಕಟ್ಟು ಸಿದ್ಧಪಡಿಸುತ್ತಾನೆ. ಇದಕ್ಕೆ 'ಕೇಕೋಬಾನಾ', ಅಂದರೆ ಅಭ್ಯಾಸದ ಹೂವು, ಎಂದು ಹೆಸರು. ಟೋಕಿಯೋದ ಓಟಾ ಮಾರುಕಟ್ಟೆಯಲ್ಲಿ ಕತ್ತರಿಸಿದ ಹೂವುಗಳ ಮುಖ್ಯ ಹರಾಜು ಸೋಮವಾರ, ಬುಧವಾರ ಮತ್ತು ಶುಕ್ರವಾರ ನಡೆಯುತ್ತದೆ. ಬೇಡಿಕೆ ಮೊದಲೇ ಕೈಯಲ್ಲಿದ್ದರೆ ವ್ಯಾಪಾರಿ ಅಂದಾಜಿನ ಮೇಲೆ ಖರೀದಿಸಬೇಕಾಗಿಲ್ಲ.

ಲೆಕ್ಕದಲ್ಲಿಯೂ ಸ್ಪಷ್ಟತೆಯಿದೆ. ಬೋಧನೆಯ ಮಾಸಿಕ ಶುಲ್ಕ 'ಗೆಶ್ಶಾ'. ಹೂವಿನ ಹಣ 'ಹನಾದಾಯ್'. ಇವೆರಡನ್ನೂ ಸಾಮಾನ್ಯವಾಗಿ ಪ್ರತ್ಯೇಕವಾಗಿ ಪಡೆಯಲಾಗುತ್ತದೆ. ತಡವಾಗಿ ಗೈರುಹಾಜರಿ ತಿಳಿಸಿದವರು ಹೂವಿನ ಹಣ ತೆರಬೇಕೆಂಬ ನಿಯಮ ಅನೇಕ ತರಗತಿಗಳಲ್ಲಿದೆ. ನಷ್ಟವನ್ನು ಯಾರು ಭರಿಸಬೇಕೆಂಬುದು ಹೀಗೆ ಮೊದಲೇ ತೀರ್ಮಾನವಾಗಿರುತ್ತದೆ.

ಕತ್ತರಿಗೆ ಮುನ್ನ ಅಳತೆ

ಒಮ್ಮೆ ಕತ್ತರಿಸಿದ ಕೊಂಬೆ ಮತ್ತೆ ಉದ್ದವಾಗದು. ಆದ್ದರಿಂದ ಸೊಗೆತ್ಸುವಿನ ಆರಂಭಿಕ ಪಾಠದಲ್ಲಿ ಲೆಕ್ಕವೇ ಮೊದಲು. ಪಾತ್ರೆಯ ಅಗಲ ಮತ್ತು ಎತ್ತರಗಳ ಮೊತ್ತದ ಒಂದೂವರೆ ಪಟ್ಟು ಪ್ರಧಾನ ಕೊಂಬೆ 'ಶಿನ್'. ಅದರ ಮುಕ್ಕಾಲು ಭಾಗ 'ಸೋಯೆ'. ಸೋಯೆಯ ಮುಕ್ಕಾಲು ಭಾಗ 'ಹಿಕಾಯೆ'. ಪಾತ್ರೆಯ ಅಗಲ 30 ಸೆಂ.ಮೀ., ಎತ್ತರ 6 ಸೆಂ.ಮೀ. ಇದ್ದರೆ ಶಿನ್ 54, ಸೋಯೆ ಸುಮಾರು 40, ಹಿಕಾಯೆ ಸುಮಾರು 30 ಸೆಂ.ಮೀ. ಆಗುತ್ತದೆ. ಮೂಲ ವಿನ್ಯಾಸದಲ್ಲಿ ಇವು ನೇರ ರೇಖೆಯಿಂದ ಕ್ರಮವಾಗಿ 15, 45 ಮತ್ತು 75 ಡಿಗ್ರಿ ವಾಲಿರುತ್ತವೆ. ದಂಟುಗಳನ್ನು ನೀರಿನೊಳಗೇ ಕತ್ತರಿಸುವುದು ಇನ್ನೊಂದು ಎಚ್ಚರಿಕೆ. ಗಾಳಿ ಒಳಹೊಕ್ಕರೆ ದಂಟು ನೀರು ಹೀರುವುದು ಕುಂದಿ ಹೂವು ಬೇಗ ಬಾಡುತ್ತದೆ.

ನಾಣ್ಯದ ಇನ್ನೊಂದು ಮುಖ

ಈ ವ್ಯವಸ್ಥೆಗೂ ಒಂದು ದೌರ್ಬಲ್ಯವಿದೆ. ಇಕೆಬಾನಾ ಕಲಿಯುವವರ ಸಂಖ್ಯೆ ಜಪಾನಿನಲ್ಲಿ ಇಳಿಮುಖವಾಗಿದೆ. ಇರುವವರಲ್ಲಿ ವಯಸ್ಸಾದವರೇ ಹೆಚ್ಚು. 2020ರಲ್ಲಿ ಕೋವಿಡ್ ತುರ್ತುಸ್ಥಿತಿ ಘೋಷಣೆಯಾದಾಗ ಅನೇಕ ತರಗತಿಗಳು ಸ್ಥಗಿತಗೊಂಡವು. ತರಗತಿಯ ಕಟ್ಟುಗಳನ್ನೇ ನೆಚ್ಚಿದ ಅಂಗಡಿಗೆ ಒಬ್ಬ ಶಿಕ್ಷಕರ ನಿವೃತ್ತಿ ಎಂದರೆ ಒಂದೇ ಬಾರಿಗೆ ಹತ್ತಾರು ಕಟ್ಟುಗಳ ನಷ್ಟ.

ಮುಂಗಡ ಬೇಡಿಕೆ, ನಿಖರ ಅಳತೆ, ಪ್ರತ್ಯೇಕ ಲೆಕ್ಕ, ನಷ್ಟದ ಹೊಣೆಯ ಪೂರ್ವನಿರ್ಧಾರ: ಬೇಗ ಕೆಡುವ ಸರಕಿನ ವ್ಯಾಪಾರಿಗಳೆಲ್ಲರೂ ಅನುಸರಿಸಬಹುದಾದ ಕ್ರಮಗಳಿವು. ಆದರೆ ದಾಸ್ತಾನಿನ ಅಪಾಯ ತಗ್ಗಿತೆಂದು ನೆಮ್ಮದಿಯಿಂದಿರುವ ವ್ಯಾಪಾರಿಯು, ತನ್ನ ವಹಿವಾಟಿನಲ್ಲಿ ಒಬ್ಬನೇ ಗಿರಾಕಿಯ ಪಾಲು ಎಷ್ಟೆಂಬುದನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸುವುದು ಲೇಸು.