ಬೆನ್ ಯಿಜು: ಕಡಲು ದಾಟಿ ಬಂದ ಮನೆಹೆಸರು

ಮೈಸೂರಿನ ನಮ್ಮ ತರಗತಿಗಳಲ್ಲಿ ಹಾಜರಿ ಕರೆಯುವಾಗ ಊರೂ ತಂದೆಯ ಹೆಸರೂ ಬರಿಯ ಮೊದಲಕ್ಷರಗಳಾಗಿ ಕುಗ್ಗಿ ನಿಲ್ಲುತ್ತವೆ, ಮನೆಹೆಸರುಳ್ಳವರು ವಿರಳ. ಮನೆಹೆಸರಿನ ಭಾರವೆಂತಹುದೆಂದು ತಿಳಿಯಬೇಕಾದರೆ ಹನ್ನೆರಡನೆಯ ಶತಮಾನದ ಮಂಗಳೂರಿಗೆ ಹೋಗಬೇಕು. ಅಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನಿದ್ದ.

ಹೀಬ್ರೂವಿನಲ್ಲಿ ‘ಬೆನ್’ ಎಂದರೆ ಮಗ. ಆದರೆ ಅವನ ತಂದೆಯ ಹೆಸರು ಯಿಜು ಅಲ್ಲ, ಪೆರಹ್ಯ. ಯಿಜು ಎಂಬುದು ಉತ್ತರ ಆಫ್ರಿಕದ ಬರ್ಬರ ಕುಲವೊಂದರ ಹೆಸರೆಂದೂ, ಪೂರ್ವಿಕರಿಗೆ ಆಶ್ರಯವಿತ್ತ ಕುಲ ಅದೇ ಇದ್ದಿರಬೇಕೆಂದೂ ವಿದ್ವಾಂಸರ ಊಹೆ. ಆಶ್ರಯದಾತರ ಹೆಸರನ್ನು ಹೊತ್ತು ಟ್ಯುನೀಸಿಯದ ಮಹ್ದಿಯಾದಿಂದ ಹೊರಟವನು ಏಡನ್ನಿನ ಮೂಲಕ ನಮ್ಮ ಕರಾವಳಿಗೆ ಬಂದು ಕಂಚಿನ ಕಾರ್ಖಾನೆ ನಡೆಸಿದ. ಮೆಣಸು, ಅಡಕೆ, ಕಬ್ಬಿಣ ಕಳುಹಿಸಿದ. ಅವನ ಕಾಗದಪತ್ರಗಳು ಕೈರೋದ ಹಳೆಯ ಯೆಹೂದಿ ಮಂದಿರದಲ್ಲಿ ಉಳಿದುವು. ಅವುಗಳಲ್ಲಿ ಬರುವ ಸೇವಕನ ಹೆಸರನ್ನು ‘ಬೊಮ್ಮ’ ಎಂದು ಓದಲು ಲೇಖಕ ಅಮಿತಾವ್ ಘೋಷರಿಗೆ ನೆರವಾದವರು ನಮ್ಮ ವಿವೇಕ ರೈಯವರು.

1132ರಲ್ಲಿ ಅಬ್ರಹಾಂ ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಅವನ ಮಕ್ಕಳ ತಾಯಿ ಅವಳೇ ಎಂದು ತೋರುತ್ತದೆ. ನಾಯರ್ ಮನೆಯವಳೆಂಬ ಸುಳಿವೂ ಇದೆ. ಹಾಗಿದ್ದರೆ ತಾಯಿಯ ಕಡೆಯ ಲೆಕ್ಕದಲ್ಲಿ ಮನೆತನ ಮುಂದುವರಿಯುವುದು ಮಗಳಿಂದಲೇ! ತಂದೆಯ ಲೆಕ್ಕ ಬೇರೆ. 1149ರಲ್ಲಿ ಏಡನ್ನಿಗೆ ಮರಳಿದವನ ಗಂಡುಮಗ ತೀರಿಕೊಂಡ. ಉಳಿದ ಮಗಳು ಸಿತ್ ಅಲ್‌ದಾರ್, ಎಂದರೆ ಮನೆಯೊಡತಿ. ಏಡನ್ನಿನ ಸಿರಿವಂತ ಗೆಳೆಯನೊಬ್ಬ ಅವಳನ್ನು ಸೊಸೆಯಾಗಿ ಕೇಳಿದರೂ ಕೊಡದೆ, 1156ರಲ್ಲಿ ಈಜಿಪ್ಟಿನ ಫುಸ್ತಾತಿನಲ್ಲಿ ಸೋದರನ ಮಗ ಸುರೂರನೊಡನೆ ಮದುವೆ ನಡೆಯಿತು. ನಮ್ಮ ರೂಢಿಯಲ್ಲಿ ಅವರು ಅಣ್ಣತಂಗಿಯರು. ಅವರಲ್ಲಿ ಮನೆಹೆಸರು ಮನೆಯಲ್ಲೇ ಉಳಿಯುವ ದಾರಿ. ಮಗಳ ಬಳುವಳಿಯ ಪಟ್ಟಿ ಇಂದಿಗೂ ಉಳಿದಿದೆ.